ದೇಹದೊಳಗಿನ ಬಾನುಲಿ: ಗಂಡು ಹಾರ್ಮೋನು ಮತ್ತು ಅದನ್ನು ಕೇಳುವ ಕಿವಿ

ನಿಮ್ಮ ಮನೆಯ ರೇಡಿಯೋ ಮಾತನಾಡಬೇಕಾದರೆ ಎರಡು ಕಡೆ ಕೆಲಸ ಸರಿಯಾಗಿ ನಡೆಯಬೇಕು. ಬೆಂಗಳೂರಿನಲ್ಲಿ ನಿಲಯದವರು ಬಿತ್ತರಿಸಬೇಕು. ಚಿಂತಾಮಣಿಯಲ್ಲಿಯೋ ಶಿಡ್ಲಘಟ್ಟದಲ್ಲಿಯೋ ನಿಮ್ಮ ಗೂಡಿನಲ್ಲಿಟ್ಟ ಪೆಟ್ಟಿಗೆ ಅದನ್ನು ಹಿಡಿಯಬೇಕು. ಸದ್ದು ಬಾರದಿದ್ದಾಗ ದೋಷ ಎಲ್ಲಿಯದು ಎಂದು ಮೊದಲು ವಿಚಾರಿಸುತ್ತೀರಿ. ಪಕ್ಕದ ಮನೆಯ ರೇಡಿಯೋ ಹಾಡುತ್ತಿದ್ದರೆ ನಿಲಯವನ್ನು ಯಾರೂ ದೂರುವುದಿಲ್ಲ. ಗೌರಿಬಿದನೂರಿನ ಹತ್ತಿರ ೧೯೭೬ರಲ್ಲಿ ಕೆಲಸಕ್ಕೆ ತೊಡಗಿದ ರೇಡಿಯೋ ದೂರದರ್ಶಕವನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಸೂರ್ಯನಿಂದಲೂ ದೂರದ ನಕ್ಷತ್ರಲೋಕದಿಂದಲೂ ಬರುವ ರೇಡಿಯೋ ಅಲೆಗಳನ್ನು ಹಿಡಿಯಲು ಅಲ್ಲಿ ಸಾವಿರದಷ್ಟು ಆಂಟೆನಾಗಳನ್ನು ಸಾಲಾಗಿ ನಿಲ್ಲಿಸಿದರು. ಆ ಅಲೆಗಳು ಸುತ್ತಲಿನ ರಾಗಿ ಹೊಲದ ಮೇಲೂ ಬಂಡೆಯ ಮೇಲೂ ಅದೇ ಪ್ರಮಾಣದಲ್ಲಿ ಬೀಳುತ್ತವೆ. ಆದರೆ ಹೊಲ ಕೇಳುವುದಿಲ್ಲ, ಬಂಡೆ ಕೇಳುವುದಿಲ್ಲ. ಆಂಟೆನಾ ಮಾತ್ರ ಕೇಳುತ್ತದೆ.

ನಮ್ಮ ದೇಹದೊಳಗೂ ಇಂಥದೊಂದು ಬಾನುಲಿ ವ್ಯವಸ್ಥೆ ಉಂಟು. ಹಾರ್ಮೋನು ಎಂಬುದು ಅದರ ಬಿತ್ತರ. ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದಲ್ಲಿ ಬೆರೆತು, ಮೈಯೆಲ್ಲ ಸುತ್ತಿ, ಕೇಳಬಲ್ಲ ಜೀವಕೋಶಗಳಿಗೆ ಅದು ಸುದ್ದಿ ಮುಟ್ಟಿಸುತ್ತದೆ. ಅದರಲ್ಲಿ ಗಂಡು ಹಾರ್ಮೋನಿನ ವಿಚಾರವನ್ನು ಇಲ್ಲಿ ಹೇಳಬೇಕಾಗಿದೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಮಾತನಾಡದೆ ಮುಚ್ಚಿಟ್ಟುದರಿಂದಲೇ ಎಷ್ಟೋ ಮನೆಗಳಲ್ಲಿ ಹುಡುಗರು ಒಳಗೊಳಗೇ ಕೊರಗಿದ್ದಾರೆ, ಹೆಣ್ಣುಮಕ್ಕಳು ಮಾಡದ ತಪ್ಪಿಗೆ ನಿಂದೆ ಹೊತ್ತಿದ್ದಾರೆ. ಆದುದರಿಂದ ಮರ್ಯಾದೆ ಮೀರದೆ, ಆದರೆ ಮರೆಮಾಚದೆ, ವಿಷಯವನ್ನು ತಿಳಿದುಕೊಳ್ಳೋಣ.

ಗಂಡು ಹಾರ್ಮೋನಿನ ಪ್ರಭಾವವನ್ನು ಅದರ ಹೆಸರು ತಿಳಿಯುವುದಕ್ಕೆ ಸಾವಿರಾರು ವರ್ಷ ಮೊದಲೇ ನಮ್ಮ ಒಕ್ಕಲಿಗರು ಬಲ್ಲವರಾಗಿದ್ದರು. ಹೋರಿಗೂ ಎತ್ತಿಗೂ ಏನು ಭೇದ? ಎರಡೂ ಹುಟ್ಟುವಾಗ ಒಂದೇ ಗಂಡುಗರು. ಒಂದರ ಬೀಜ ಒಡೆಸಿದರೆ ಅದು ಎತ್ತಾಗುತ್ತದೆ. ಹಿಣಿಲು ದಪ್ಪವಾಗುವುದಿಲ್ಲ, ಕುತ್ತಿಗೆ ತುಂಬುವುದಿಲ್ಲ, ಗುಟುರು ತಗ್ಗುತ್ತದೆ, ನೊಗಕ್ಕೆ ಒಗ್ಗುತ್ತದೆ. ಅಂದರೆ ವೃಷಣದಿಂದ ಏನೋ ಒಂದು ವಸ್ತು ಹೊರಟು ಕುತ್ತಿಗೆಯವರೆಗೂ ಗಂಟಲವರೆಗೂ ಸ್ವಭಾವದವರೆಗೂ ಹೋಗಿ ಮುಟ್ಟುತ್ತದೆಂದಾಯಿತು.

ಅದು ಹೋಗುವ ದಾರಿ ಯಾವುದೆಂಬುದನ್ನು ೧೮೪೯ರಲ್ಲಿ ಜರ್ಮನಿಯ ಗಟಿಂಗನ್ ನಗರದಲ್ಲಿ ಬರ್ತೋಲ್ಡ್ ಎಂಬ ವಿದ್ವಾಂಸನು ಹುಂಜದ ಮರಿಗಳ ಮೇಲೆ ಪರೀಕ್ಷಿಸಿದನು. ವೃಷಣಗಳನ್ನು ತೆಗೆದ ಹುಂಜಗಳಿಗೆ ಜುಟ್ಟು ಸಣ್ಣದಾಯಿತು, ಕೂಗು ನಿಂತಿತು, ಜಗಳದ ಬುದ್ಧಿ ಹೋಯಿತು. ಆದರೆ ಕೆಲವು ಹುಂಜಗಳ ವೃಷಣವನ್ನು ಅದರ ಜಾಗದಿಂದ ಬಿಡಿಸಿ ಹೊಟ್ಟೆಯೊಳಗೆ ನೆಟ್ಟಾಗ ಅವು ಎಂದಿನಂತೆ ಕೂಗಿದುವು, ಕಾದಾಡಿದುವು. ಹಳೆಯ ನರಗಳ ಸಂಬಂಧ ಕಡಿದುಹೋಗಿದ್ದರೂ ಸುದ್ದಿ ತಲಪಿತ್ತು. ದಾರಿ ರಕ್ತವೇ ಎಂದು ಹೀಗೆ ಸ್ಪಷ್ಟವಾಯಿತು. ಆ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಲು ಮುಂದೆ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ೧೯೩೧ರಲ್ಲಿ ಬುಟೆನಾಂಡ್ಟ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಸಾವಿರಾರು ಲೀಟರು ಮೂತ್ರವನ್ನು ಬಟ್ಟಿಗೆ ಹಾಕಿ ಕೆಲವೇ ಮಿಲಿಗ್ರಾಂ ಗಂಡು ಹಾರ್ಮೋನನ್ನು ಪಡೆದನು. ೧೯೩೫ರಲ್ಲಿ ಆಮ್‌ಸ್ಟರ್‌ಡಾಮಿನವರು ಹೋರಿಯ ವೃಷಣದಿಂದ ಇನ್ನೂ ಪ್ರಬಲವಾದುದನ್ನು ಬೇರ್ಪಡಿಸಿ ಅದಕ್ಕೆ ಟೆಸ್ಟೊಸ್ಟೆರೋನ್ ಎಂದು ಹೆಸರಿಟ್ಟರು. ಅದೇ ವರ್ಷ ಬುಟೆನಾಂಡ್ಟ್ ಮತ್ತು ರುಜಿಕಾ ಎಂಬವರು ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿ ೧೯೩೯ರ ನೊಬೆಲ್ ಬಹುಮಾನಕ್ಕೆ ಪಾತ್ರರಾದರು. ಈ ಗುಂಪಿನ ಹಾರ್ಮೋನುಗಳಿಗೆ ಆಂಡ್ರೊಜೆನ್ ಎಂಬ ಕುಲನಾಮವಿದೆ. ‘ಆಂಡ್ರ್’ ಎಂದರೆ ಗ್ರೀಕ್ ಭಾಷೆಯಲ್ಲಿ ಗಂಡು. ನಮಗೆ ಸಂಸ್ಕೃತದಿಂದ ಬಂದ ‘ನರ’ ಶಬ್ದಕ್ಕೆ ಅದು ದಾಯಾದಿ.

ಎಲ್ಲ ಪ್ರಾಣಿಗಳಲ್ಲಿಯೂ ಗಂಡು ಹೆಣ್ಣಿನ ರೂಪ ಹೀಗೆ ರಕ್ತದ ಬಿತ್ತರದಿಂದಲೇ ಆಗುತ್ತದೆಂದು ತಿಳಿಯಬಾರದು. ಶಿಡ್ಲಘಟ್ಟದ ವಾಚಕರು ನಿತ್ಯ ಕಾಣುವ ರೇಷ್ಮೆಹುಳುವನ್ನೇ ನೋಡಿ. ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ಮೈಸೂರು ತಳಿಯ ಹೆಣ್ಣಿಗೆ ಬೈವೋಲ್ಟೀನ್ ತಳಿಯ ಗಂಡನ್ನು ಕೂಡಿಸಬೇಕಾದುದರಿಂದ, ಗೂಡಿನೊಳಗಿನ ಕೋಶಗಳನ್ನು ಗಂಡು ಹೆಣ್ಣೆಂದು ವಿಂಗಡಿಸುತ್ತಾರೆ. ಹೊಟ್ಟೆಯ ಎಂಟನೆಯ ಉಂಗುರದಲ್ಲಿ ಸಣ್ಣ ಗೀರು ಕಂಡರೆ ಹೆಣ್ಣು, ಒಂಬತ್ತನೆಯದರಲ್ಲಿ ಚುಕ್ಕೆ ಕಂಡರೆ ಗಂಡು. ಆ ಹುಳುವಿನಲ್ಲಿ ಹೋರಿಯಲ್ಲಿರುವಂಥ ಬಿತ್ತರ ನಿಲಯವಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನೊಳಗಿನ ವರ್ಣತಂತುಗಳನ್ನು ನೋಡಿಕೊಂಡು ತಾನು ಗಂಡೋ ಹೆಣ್ಣೋ ಎಂದು ತಾನೇ ತೀರ್ಮಾನಿಸುತ್ತದೆ. ಅದರಿಂದಲೇ ಎಲ್ಲಿಯೋ ಅಪರೂಪಕ್ಕೆ ಒಂದು ಪಕ್ಕ ಗಂಡು, ಇನ್ನೊಂದು ಪಕ್ಕ ಹೆಣ್ಣು ಆಗಿರುವ ಚಿಟ್ಟೆ ಹುಟ್ಟುವುದುಂಟು. ಮನುಷ್ಯನ ವ್ಯವಸ್ಥೆ ಹೀಗಲ್ಲ. ನಮ್ಮಲ್ಲಿ ಜೀವಕೋಶಗಳು ಬಹುಮಟ್ಟಿಗೆ ರಕ್ತದಲ್ಲಿ ಬರುವ ಸುದ್ದಿಗೆ ಕಿವಿಗೊಡುತ್ತವೆ. ಆದುದರಿಂದ ಸುದ್ದಿ ಹೊರಡದೆ ಹೋದರೆ ಒಂದು ತೊಂದರೆ. ಹೊರಟ ಸುದ್ದಿಯನ್ನು ಕೇಳದೆ ಹೋದರೆ ಇನ್ನೊಂದು.

ಈ ಬಿತ್ತರ ತಾಯಿಯ ಗರ್ಭದಲ್ಲಿಯೇ ಆರಂಭವಾಗುತ್ತದೆ. ಹೆಣ್ಣಿಗೆ ಎರಡು ಎಕ್ಸ್ ವರ್ಣತಂತುಗಳು, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೂ ಮೊದಲ ಆರು ವಾರ ಭ್ರೂಣದ ಅಂಗರಚನೆ ಇಬ್ಬರಲ್ಲಿಯೂ ಒಂದೇ ತೆರ. ಆಮೇಲೆ ವೈ ವರ್ಣತಂತುವಿನ ಮೇಲಿರುವ ಒಂದು ಜೀನು ಎಚ್ಚತ್ತು ವೃಷಣವನ್ನು ರೂಪಿಸುತ್ತದೆ; ಲಂಡನ್ನಿನ ವಿಜ್ಞಾನಿಗಳು ಅದನ್ನು ೧೯೯೦ರಲ್ಲಿ ಗುರುತಿಸಿದರು. ಹುಟ್ಟಿದ ವೃಷಣ ಎರಡು ಸುದ್ದಿಗಳನ್ನು ಕಳುಹಿಸುತ್ತದೆ. ಒಂದು, ಗರ್ಭಕೋಶ ಬೆಳೆಯದಂತೆ ತಡೆಯುವುದು. ಇನ್ನೊಂದು ಟೆಸ್ಟೊಸ್ಟೆರೋನ್, ಅಂದರೆ ಗಂಡಿನ ಅಂಗಗಳನ್ನು ಬೆಳೆಸುವುದು. ೧೯೪೭ರಲ್ಲಿ ಫ್ರಾನ್ಸಿನ ಜೋಸ್ಟ್ ಎಂಬ ವಿಜ್ಞಾನಿ ಇನ್ನೂ ಹುಟ್ಟದ ಮೊಲದ ಮರಿಗಳ ಬೀಜಗ್ರಂಥಿಯನ್ನು ತೆಗೆದು ನೋಡಿದನು. ಗಂಡಾಗಬೇಕಾದ ಮರಿಗಳೂ ಹೆಣ್ಣಿನ ರೂಪದಲ್ಲಿ ಬೆಳೆದುವು. ಬಿತ್ತರ ಕೇಳಿಸದಿದ್ದರೆ ದೇಹ ಹೆಣ್ಣಿನ ದಾರಿಯನ್ನು ಹಿಡಿಯುತ್ತದೆಂದು ಇದರಿಂದ ತಿಳಿಯಿತು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ವೃಷಣವೂ ಸ್ವತಂತ್ರ ನಿಲಯವಲ್ಲ. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಅದಕ್ಕೆ ಎರಡು ಆಜ್ಞೆಗಳನ್ನು ಕಳುಹಿಸುತ್ತದೆ. ಒಂದು ಹಾರ್ಮೋನು ತಯಾರಿಸಲು, ಇನ್ನೊಂದು ವೀರ್ಯಾಣುಗಳ ಬೆಳವಣಿಗೆಗೆ. ಇವೆರಡು ಬೇರೆ ಬೇರೆ ಎಂಬುದನ್ನು ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಆರ್. ಮೌದ್ಗಲ್ ಅವರ ತಂಡವೂ ಸೇರಿದೆ. ನಂದಿಬೆಟ್ಟದಲ್ಲಿ ನಿಮ್ಮ ಕೈಯಿಂದ ಕಡಲೆಕಾಯಿ ಕಿತ್ತುಕೊಳ್ಳುವ ಮಂಗದ ಜಾತಿಯನ್ನೇ ಅವರು ಪ್ರಯೋಗಕ್ಕೆ ಬಳಸಿದರು. ಎರಡನೆಯ ಆಜ್ಞೆಯನ್ನು ಮಾತ್ರ ತಡೆದಾಗ ಮಂಗಗಳ ವೀರ್ಯಾಣು ಕುಗ್ಗಿತು; ಟೆಸ್ಟೊಸ್ಟೆರೋನ್ ಕುಗ್ಗಲಿಲ್ಲ. ಮಕ್ಕಳಾಗದ ಗಂಡಸನ್ನು ‘ಗಂಡಸೇ ಅಲ್ಲ’ ಎನ್ನುವ ಊರ ಮಾತು ಎಷ್ಟು ಪೊಳ್ಳೆಂಬುದಕ್ಕೆ ಈ ಮಂಗಗಳ ಸಾಕ್ಷಿ ಸಾಕು.

ಇನ್ನು ದೋಷ ಎಲ್ಲೆಲ್ಲಿ ಬರಬಹುದೆಂಬುದನ್ನು ಕ್ರಮವಾಗಿ ನೋಡೋಣ.

ಮೊದಲನೆಯದು, ಮೇಲಿನಿಂದ ಆಜ್ಞೆಯೇ ಬಾರದಿರುವುದು. ೧೯೪೪ರಲ್ಲಿ ಕಾಲ್ಮನ್ ಎಂಬ ವೈದ್ಯನು ಕೆಲವು ಕುಟುಂಬಗಳಲ್ಲಿ ಒಂದು ವಿಚಿತ್ರವಾದ ಜೋಡಿಯನ್ನು ವಿವರಿಸಿದನು. ಹುಡುಗನಿಗೆ ಹರೆಯ ಬರುವುದಿಲ್ಲ, ವಾಸನೆಯೂ ತಿಳಿಯುವುದಿಲ್ಲ. ಮೂಗಿಗೂ ಮೀಸೆಗೂ ಏನು ನಂಟು? ಭ್ರೂಣದಲ್ಲಿ ಈ ಆಜ್ಞೆ ಹೊರಡಿಸುವ ನರಕೋಶಗಳು ಮೂಗಿನ ಕಡೆ ಹುಟ್ಟಿ, ವಾಸನೆಯ ನರಗಳ ಹಾದಿ ಹಿಡಿದು ಮಿದುಳಿಗೆ ನಡೆದುಹೋಗಬೇಕು. ಹಾದಿ ತಪ್ಪಿದರೆ ಎರಡೂ ಕೆಡುತ್ತವೆ. ಹದಿನಾರು ದಾಟಿದರೂ ದನಿ ಒಡೆಯದ ಹುಡುಗನಿಗೆ ಚಿಕ್ಕಬಳ್ಳಾಪುರದ ಹೂವಿನ ಸಂತೆಯ ಮಲ್ಲಿಗೆ ರಾಶಿಯ ಮುಂದೆ ನಿಂತರೂ ಪರಿಮಳ ತಿಳಿಯದಿದ್ದರೆ, ಆ ಒಂದು ಸುಳಿವೇ ವೈದ್ಯರಿಗೆ ದಾರಿ ತೋರಿಸುತ್ತದೆ. ಇದು ಚಿಕಿತ್ಸೆಗೆ ಬಗ್ಗುವ ತೊಂದರೆ. ಕೊರತೆಯಾದ ಹಾರ್ಮೋನುಗಳನ್ನು ಕೊಟ್ಟರೆ ಹರೆಯ ಬರುತ್ತದೆ; ಅನೇಕರಿಗೆ ಮುಂದೆ ಮಕ್ಕಳೂ ಆಗುತ್ತವೆ.

ಎರಡನೆಯದು, ನಿಲಯವೇ ದುರ್ಬಲವಾಗಿರುವುದು. ೧೯೪೨ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಕ್ಲೈನ್‌ಫೆಲ್ಟರ್ ಎಂಬ ವೈದ್ಯನು ಒಂಬತ್ತು ಮಂದಿಯನ್ನು ಕುರಿತು ಬರೆದನು. ವೃಷಣ ಸಣ್ಣದು, ಎದೆ ಸ್ವಲ್ಪ ಬೆಳೆದಿದೆ, ಮಕ್ಕಳಾಗುವ ಸಂಭವ ಇಲ್ಲ. ಅಂಥವರಲ್ಲಿ ಒಂದು ಎಕ್ಸ್ ವರ್ಣತಂತು ಹೆಚ್ಚಾಗಿರುತ್ತದೆಂಬುದು ೧೯೫೯ರಲ್ಲಿ ಗೊತ್ತಾಯಿತು. ಸುಮಾರು ೫೦೦ರಿಂದ ೧,೦೦೦ ಗಂಡುಮಕ್ಕಳಲ್ಲಿ ಒಬ್ಬನಿಗೆ ಹೀಗಿರುತ್ತದೆ. ಲೆಕ್ಕ ಹಾಕಿದರೆ ದೊಡ್ಡ ಪ್ರೌಢಶಾಲೆಯೊಂದರಲ್ಲಿ ಒಬ್ಬ ಇರಬಹುದು. ಅನೇಕರಿಗೆ ಅದು ಜೀವಮಾನವಿಡೀ ತಿಳಿಯುವುದೇ ಇಲ್ಲ. ಬೆಳೆದ ಹುಡುಗರಿಗೆ ಮಂಗನಬಾವು ಬಂದಾಗ ವೃಷಣಕ್ಕೂ ಬಾವು ಇಳಿದು ಹಾನಿಯಾಗುವುದುಂಟು. ಸ್ಥೂಲಕಾಯ, ಸಕ್ಕರೆ ಕಾಯಿಲೆಗಳಿಂದಲೂ ಹಾರ್ಮೋನಿನ ಮಟ್ಟ ಇಳಿಯುತ್ತದೆ.

ಮೂರನೆಯದು ವಿಶೇಷವಾದುದು. ಟೆಸ್ಟೊಸ್ಟೆರೋನ್ ಕೆಲವು ಅಂಗಗಳಲ್ಲಿ ಇದ್ದ ರೂಪದಲ್ಲಿಯೇ ಕೆಲಸ ಮಾಡುವುದಿಲ್ಲ. ಅಲ್ಲಿನ ಒಂದು ಕಿಣ್ವ ಅದನ್ನು ಇನ್ನೂ ಪ್ರಬಲವಾದ ರೂಪಕ್ಕೆ ಬದಲಾಯಿಸಬೇಕು. ದೂರದ ನಿಲಯದ ಕ್ಷೀಣ ದನಿಯನ್ನು ಹಿಗ್ಗಿಸಿ ಮುಂದೆ ಕಳುಹಿಸುವ ಮರುಪ್ರಸಾರ ಕೇಂದ್ರದಂತೆ. ಆ ಕಿಣ್ವವಿಲ್ಲದೆ ಹುಟ್ಟಿದ ಗಂಡುಮಕ್ಕಳು ನೋಡಲು ಹೆಣ್ಣುಮಗುವಿನಂತಿರುತ್ತಾರೆ. ಹರೆಯದಲ್ಲಿ ಟೆಸ್ಟೊಸ್ಟೆರೋನ್ ಉಕ್ಕಿ ಬಂದಾಗ ದನಿ ಒಡೆದು ಮೈಕಟ್ಟು ಗಂಡಿನದಾಗುತ್ತದೆ. ವೆಸ್ಟ್ ಇಂಡೀಸಿನ ಡೊಮಿನಿಕನ್ ರಿಪಬ್ಲಿಕ್ಕಿನ ಒಂದು ಹಳ್ಳಿಯಲ್ಲಿ ಇಂಥವರು ಹಲವರಿದ್ದುದನ್ನು ೧೯೭೪ರಲ್ಲಿ ಇಂಪೆರಾಟೊ-ಮ್ಯಾಕ್‌ಗಿನ್ಲಿ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ನಮ್ಮ ಪುರಾಣಗಳಲ್ಲಿ ಇಂಥ ಬದಲಾವಣೆ ವರವೋ ಶಾಪವೋ ಆಗಿ ಬರುತ್ತದೆ. ಇಲ್ಲಿ ನಡೆದುದು ಕೇವಲ ಒಂದು ಕಿಣ್ವದ ಅಭಾವ.

ನಾಲ್ಕನೆಯದೇ ಕೇಳುವ ಕಿವಿಯ ದೋಷ. ಜೀವಕೋಶದಲ್ಲಿ ಗಂಡು ಹಾರ್ಮೋನನ್ನು ಹಿಡಿದುಕೊಳ್ಳುವ ಒಂದು ಪ್ರೋಟೀನು ಉಂಟು. ಅದನ್ನು ಆಂಡ್ರೊಜೆನ್ ಗ್ರಾಹಕ ಎನ್ನುತ್ತಾರೆ. ಹಾರ್ಮೋನು ಬಂದು ಕೂಡಿದೊಡನೆ ಅದು ಜೀವಕೋಶದ ಕೇಂದ್ರಕ್ಕೆ ಹೋಗಿ ಬೇಕಾದ ಜೀನುಗಳನ್ನು ಎಬ್ಬಿಸುತ್ತದೆ. ಈ ಗ್ರಾಹಕವನ್ನು ರಚಿಸುವ ಜೀನನ್ನು ೧೯೮೮ರಲ್ಲಿ ಬಿಡಿಸಿ ಓದಿದರು. ಆಶ್ಚರ್ಯವೆಂದರೆ ಅದಿರುವುದು ವೈ ವರ್ಣತಂತುವಿನ ಮೇಲಲ್ಲ. ಗಂಡು ಹೆಣ್ಣು ಇಬ್ಬರಲ್ಲಿಯೂ ಇರುವ ಎಕ್ಸ್ ವರ್ಣತಂತುವಿನ ಮೇಲೆ. ಗಂಡುಮಗನಿಗೆ ಎಕ್ಸ್ ತಾಯಿಯಿಂದಲೇ ಬರುವುದರಿಂದ, ಗಂಡುತನದ ಸುದ್ದಿಯನ್ನು ಕೇಳುವ ಕಿವಿ ಅವನಿಗೆ ತಾಯಿಯ ಕೊಡುಗೆ!

ಈ ಗ್ರಾಹಕ ಪೂರ್ತಿಯಾಗಿ ಕೆಟ್ಟಿದ್ದರೆ ಏನಾಗುತ್ತದೆ? ಮಗುವಿಗೆ ಎಕ್ಸ್ ಮತ್ತು ವೈ ಇವೆ. ಹೊಟ್ಟೆಯೊಳಗೆ ವೃಷಣಗಳಿವೆ. ಅವು ಟೆಸ್ಟೊಸ್ಟೆರೋನನ್ನು ಧಾರಾಳವಾಗಿ ಬಿತ್ತರಿಸುತ್ತವೆ. ಆದರೆ ಯಾವ ಜೀವಕೋಶವೂ ಕೇಳುವುದಿಲ್ಲ. ಆಗ ಮೊದಲು ನೆನಪಿಡಿರೆಂದ ಮಾತಿನಂತೆ ದೇಹ ಹೆಣ್ಣಿನ ದಾರಿ ಹಿಡಿಯುತ್ತದೆ. ಹುಟ್ಟುವುದು ಹೆಣ್ಣುಮಗು, ಬೆಳೆಯುವುದು ಹೆಣ್ಣುಮಗುವಾಗಿಯೇ. ಹರೆಯದಲ್ಲಿ ಟೆಸ್ಟೊಸ್ಟೆರೋನಿನ ಒಂದು ಭಾಗ ಹೆಣ್ಣಿನ ಹಾರ್ಮೋನಾಗಿ ಮಾರ್ಪಡುತ್ತದೆ. ಅದನ್ನು ಕೇಳುವ ಗ್ರಾಹಕ ಬೇರೆಯಾದುದರಿಂದ, ಅದು ಸರಿಯಾಗಿಯೇ ಇದ್ದು, ಎದೆ ಬೆಳೆಯುತ್ತದೆ. ಗರ್ಭಕೋಶವನ್ನು ತಡೆಯುವ ಇನ್ನೊಂದು ಸುದ್ದಿ ಮಾತ್ರ ಮೊದಲೇ ಕೇಳಿಸಿಬಿಟ್ಟಿರುವುದರಿಂದ ಗರ್ಭಕೋಶವಿಲ್ಲ, ಮುಟ್ಟಾಗುವುದಿಲ್ಲ. ೧೯೫೩ರಲ್ಲಿ ಅಮೆರಿಕದ ಮಾರಿಸ್ ಎಂಬ ವೈದ್ಯನು ಇಂಥ ೮೨ ಮಂದಿಯ ವೃತ್ತಾಂತವನ್ನು ಒಟ್ಟುಗೂಡಿಸಿದನು. ಎಕ್ಸ್-ವೈ ಇರುವ ಸುಮಾರು ೨೦,೦೦೦ದಿಂದ ೬೪,೦೦೦ ಮಕ್ಕಳಲ್ಲಿ ಒಂದಕ್ಕೆ ಹೀಗಾಗಬಹುದೆಂದು ಅಂದಾಜು.

ಈಗ ಇದನ್ನು ನಮ್ಮ ಊರಿನ ಮನೆಯೊಂದರಲ್ಲಿಟ್ಟು ಯೋಚಿಸಿ. ಓರಗೆಯ ಹುಡುಗಿಯರಿಗೆಲ್ಲ ಆರತಿಯಾಗಿದೆ. ಈಕೆ ಎತ್ತರವಾಗಿ ಲಕ್ಷಣವಾಗಿ ಬೆಳೆದಿದ್ದಾಳೆ, ಆದರೆ ಹದಿನೇಳಾದರೂ ದೊಡ್ಡವಳಾಗಿಲ್ಲ. ತಾಯಿ ಹರಕೆ ಹೊರುತ್ತಾಳೆ. ಅಜ್ಜಿ ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎನ್ನುತ್ತಾಳೆ. ಮದುವೆಯಾದರೆ ಮುಂದೆ ಬಂಜೆಯೆಂಬ ಹೆಸರು, ತವರಿಗೆ ಅಟ್ಟುವ ಮಾತು. ಯಾರೂ ಮೋಸ ಮಾಡಿಲ್ಲ; ಆದರೂ ಎರಡು ಮನೆ ಮುರಿಯುತ್ತವೆ. ಹದಿನೈದು ತುಂಬಿದರೂ ಮುಟ್ಟಾಗದ ಹುಡುಗಿಯನ್ನೂ, ಹದಿಮೂರಾದರೂ ಎದೆ ಮೂಡದ ಹುಡುಗಿಯನ್ನೂ, ಹದಿನಾಲ್ಕಾದರೂ ಹರೆಯದ ಯಾವ ಚಿಹ್ನೆಯೂ ಕಾಣದ ಹುಡುಗನನ್ನೂ ವೈದ್ಯರಿಗೆ ತೋರಿಸಬೇಕು. ಎಳೆಯ ಹೆಣ್ಣುಮಗುವಿಗೆ ಎರಡೂ ತೊಡೆಸಂದುಗಳಲ್ಲಿ ಹರ್ನಿಯಾ ಕಂಡರೂ ಒಮ್ಮೆ ಈ ದಿಕ್ಕಿನಲ್ಲಿ ಪರೀಕ್ಷಿಸುವುದು ಒಳ್ಳೆಯದು. ಕಾರಣ ಮೊದಲೇ ತಿಳಿದರೆ ಒಳಗಿನ ಗ್ರಂಥಿಯನ್ನು ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದನ್ನು ಅವಸರವಿಲ್ಲದೆ ತೀರ್ಮಾನಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ ಆ ಹುಡುಗಿಗೆ ತನ್ನ ದೇಹದ ಸತ್ಯವನ್ನು ಪ್ರೀತಿಯಿಂದ ತಿಳಿಸಬಹುದು. ಅವಳು ಹೆಣ್ಣಾಗಿ ಬೆಳೆದವಳು, ಹೆಣ್ಣೇ. ವರ್ಣತಂತುವಿನ ಒಂದು ಅಕ್ಷರ ಅವಳ ಹೆಸರನ್ನು ಬದಲಾಯಿಸಲಾರದು.

ಈ ಮಾತಿಗೆ ಲೋಕಪ್ರಸಿದ್ಧವಾದ ಒಂದು ನಿದರ್ಶನವಿದೆ. ಸ್ಪೇನ್ ದೇಶದ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೊಸೆ ಮಾರ್ಟಿನೆಜ್ ಪಟಿನ್ಯೊ ೧೯೮೫ರಲ್ಲಿ ಜಪಾನಿನ ಕೋಬೆಗೆ ವಿಶ್ವವಿದ್ಯಾನಿಲಯಗಳ ಕ್ರೀಡೆಗೆಂದು ಹೋದಾಗ ವರ್ಣತಂತು ಪರೀಕ್ಷೆಯಲ್ಲಿ ಆಕೆಗೆ ವೈ ಇದೆಯೆಂದು ಹೊರಬಿತ್ತು. ಮುಂದೆ ಆಕೆಯ ದಾಖಲೆಗಳನ್ನು ಅಳಿಸಿದರು, ವಿದ್ಯಾರ್ಥಿವೇತನವನ್ನು ನಿಲ್ಲಿಸಿದರು. ಆದರೆ ಆಕೆಯ ಜೀವಕೋಶಗಳು ಗಂಡು ಹಾರ್ಮೋನನ್ನು ಕೇಳಲಾರವು. ಅದರಿಂದ ಆಕೆಯ ಮಾಂಸಖಂಡಕ್ಕೆ ಎಳ್ಳಷ್ಟೂ ಲಾಭವಿರಲಿಲ್ಲ. ಇದನ್ನು ವಾದಿಸಿ ಆಕೆ ೧೯೮೮ರಲ್ಲಿ ಮತ್ತೆ ಓಡುವ ಹಕ್ಕನ್ನು ಪಡೆದಳು. ಪರೀಕ್ಷಿಸಿದವರು ನಿಲಯವನ್ನು ನೋಡಿದರು, ಪೆಟ್ಟಿಗೆಯನ್ನು ನೋಡಲಿಲ್ಲ.

ಗ್ರಾಹಕ ಒಂದೋ ಸರಿಯಾಗಿರುತ್ತದೆ, ಇಲ್ಲವೇ ಪೂರ್ತಿ ಕೆಟ್ಟಿರುತ್ತದೆ ಎಂದೇನೂ ಅಲ್ಲ. ಅರ್ಧ ಕೇಳುವ ಗ್ರಾಹಕಗಳೂ ಉಂಟು. ಆಗ ಹುಟ್ಟಿದ ಮಗು ಗಂಡೋ ಹೆಣ್ಣೋ ಎಂದು ಸೂಲಗಿತ್ತಿಗೇ ಸಂದೇಹವಾಗುತ್ತದೆ. ಅಂಥ ಮಗುವಿನ ಮೈಗೆ ಅವಸರದಲ್ಲಿ ಕತ್ತರಿ ಹಾಕಬಾರದೆಂಬ ಅಭಿಪ್ರಾಯ ಈಗ ಬಲವಾಗಿದೆ. ನೆರೆಯ ತಮಿಳುನಾಡಿನಲ್ಲಿ ೨೦೧೯ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ತೀರ್ಪಿನ ಮೇಲೆ, ಜೀವಕ್ಕೆ ಅಪಾಯವಿದ್ದ ಹೊರತು ಎಳೆಯ ಮಕ್ಕಳಿಗೆ ಇಂಥ ಶಸ್ತ್ರಕ್ರಿಯೆ ಮಾಡಕೂಡದೆಂದು ಸರ್ಕಾರ ಆಜ್ಞೆ ಹೊರಡಿಸಿತು.

ಯಾವ ರೋಗವೂ ಇಲ್ಲದ ನಮ್ಮ ನಿಮ್ಮಲ್ಲಿಯೂ ಗ್ರಾಹಕದ ಸೂಕ್ಷ್ಮತೆ ಒಬ್ಬರಂತೆ ಒಬ್ಬರಿಗಿಲ್ಲ. ಜೀನು ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಬರೆಹ. ಈ ಗ್ರಾಹಕದ ಬರೆಹದಲ್ಲಿ ಒಂದು ಕಡೆ ಸಿ-ಎ-ಜಿ ಎಂಬ ಮೂರಕ್ಷರದ ಗಣ ಒಂದರ ಹಿಂದೊಂದು ಬರುತ್ತದೆ, ನಮ್ಮ ‘ಗಿಲಿಗಿಲಿಗಿಲಿ’ ಎಂಬ ಅನುಕರಣ ಶಬ್ದದ ಹಾಗೆ. ಹೆಚ್ಚಿನ ಜನರಲ್ಲಿ ಅದು ಇಪ್ಪತ್ತು ಇಪ್ಪತ್ತೆರಡು ಸಲದ ಆಸುಪಾಸಿನಲ್ಲಿರುತ್ತದೆ. ಹತ್ತರ ಹತ್ತಿರ ಇರುವವರೂ ಮೂವತ್ತು ದಾಟಿದವರೂ ಉಂಟು. ಪುನರಾವೃತ್ತಿ ಉದ್ದವಾದಷ್ಟೂ ಗ್ರಾಹಕ ಸ್ವಲ್ಪ ಮಂದವಾಗುತ್ತದೆ, ರೇಡಿಯೋದ ದನಿಯ ತಿರುಪನ್ನು ಒಂದಿಷ್ಟು ತಗ್ಗಿಸಿದ ಹಾಗೆ. ಆದುದರಿಂದ ಇಬ್ಬರ ರಕ್ತದಲ್ಲಿ ಹಾರ್ಮೋನು ಒಂದೇ ಪ್ರಮಾಣದಲ್ಲಿದ್ದರೂ ಅದರ ಪರಿಣಾಮ ಒಂದೇ ಆಗಿರಬೇಕಾಗಿಲ್ಲ. ಪುನರಾವೃತ್ತಿ ಸುಮಾರು ಮೂವತ್ತೆಂಟನ್ನು ದಾಟಿದರೆ ಮಾತ್ರ ಅದು ಬೇರೆಯೇ ರೋಗವಾಗುತ್ತದೆ. ೧೯೬೮ರಲ್ಲಿ ಕೆನೆಡಿ ಎಂಬ ವೈದ್ಯನು ವಿವರಿಸಿದ ಈ ರೋಗದಲ್ಲಿ ನಡುವಯಸ್ಸಿನ ಗಂಡಸರಿಗೆ ಕೈಕಾಲು, ನಾಲಗೆಗಳ ಮಾಂಸಖಂಡ ಕ್ರಮೇಣ ಸೊರಗುತ್ತದೆ. ಅದರ ಮೂಲ ಈ ಉದ್ದವಾದ ಗಿಲಿಗಿಲಿಯೇ ಎಂಬುದು ೧೯೯೧ರಲ್ಲಿ ತಿಳಿಯಿತು.

ಹಾಗೆಂದು ಎಲ್ಲ ಕೊರತೆಯನ್ನೂ ಈ ಸಂಖ್ಯೆಯ ತಲೆಗೆ ಕಟ್ಟಬಾರದು. ಉದ್ದವಾದ ಪುನರಾವೃತ್ತಿಯಿಂದ ಮಕ್ಕಳಾಗುವುದಿಲ್ಲವೆಂದು ಕೆಲವು ದೇಶಗಳಲ್ಲಿ ವರದಿಗಳು ಬಂದಿದ್ದುವು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ತಂಗರಾಜ್, ಲಾಲ್‌ಜಿ ಸಿಂಗ್ ಮುಂತಾದವರು ಭಾರತೀಯ ಗಂಡಸರಲ್ಲಿ ಪರೀಕ್ಷಿಸಿ ಅಂಥ ಸಂಬಂಧ ಕಾಣಲಿಲ್ಲವೆಂದು ೨೦೦೨ರಲ್ಲಿ ಪ್ರಕಟಿಸಿದರು. ಒಂದು ನಾಡಿನ ಅಳತೆಗೋಲು ಇನ್ನೊಂದು ನಾಡಿಗೆ ಹಾಗೆಯೇ ಸಲ್ಲುವುದಿಲ್ಲ.

ಇನ್ನು ವಂಶದ ಮಾತು. ‘ಸಂಬಂಧದಲ್ಲಿ ಮದುವೆಯಾದುದರಿಂದಲೇ ಹೀಗಾಯಿತೆ?’ ಎಂದು ನಮ್ಮವರು ಕೇಳುವುದು ಸಹಜ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವುದು ನಮ್ಮ ಕಡೆ ಹಳೆಯ ರೂಢಿ. ೧೯೮೦ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಅವರೂ ಬಿಟಲ್ಸ್ ಎಂಬ ವಿದ್ವಾಂಸರೂ ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಮಕ್ಕಳ ತಂದೆತಾಯಿಗಳನ್ನು ವಿಚಾರಿಸಿದಾಗ ಹೆಚ್ಚುಕಡಿಮೆ ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲಿ ಆದುದಾಗಿತ್ತು; ಅದರಲ್ಲಿಯೂ ಸೋದರಮಾವನ ಮದುವೆಯೇ ಮುಂದು. ಪ್ರಶ್ನೆಗೆ ಉತ್ತರ ಎರಡು ತೆರನಾಗಿದೆ. ಕಿಣ್ವದ ದೋಷ ಕಾಣಿಸಿಕೊಳ್ಳಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬರಬೇಕು. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಯಾವುದೇ ಜೀನಿನ ಎರಡು ಪ್ರತಿಗಳೂ ಒಬ್ಬನೇ ಹಿರಿಯನಿಂದ ಬಂದಿರುವ ಸಂಭವ ಎಂಟರಲ್ಲೊಂದು. ಸೋದರತ್ತೆಯ ಮಗಳಾದರೆ ಹದಿನಾರರಲ್ಲೊಂದು. ಆದುದರಿಂದ ಅಂಥ ದೋಷಗಳು ಸಂಬಂಧದ ಮದುವೆಯಲ್ಲಿ ಹೆಚ್ಚುತ್ತವೆ. ಆದರೆ ಗ್ರಾಹಕದ ದೋಷ ಎಕ್ಸ್ ವರ್ಣತಂತುವಿನದು. ಅದು ತಾಯಿಯ ಕಡೆಯಿಂದ ಮಾತ್ರ ಬರುವುದರಿಂದ, ಗಂಡ ಬಂಧುವಾಗಿರಲಿ ಪರಸ್ಥಳದವನಾಗಿರಲಿ ಲೆಕ್ಕ ಬದಲಾಗುವುದಿಲ್ಲ. ತಾಯಿ ವಾಹಕಳಾಗಿದ್ದರೆ ಎಕ್ಸ್-ವೈ ಮಕ್ಕಳಲ್ಲಿ ಅರ್ಧದಷ್ಟಕ್ಕೆ ದೋಷ ಬರಬಹುದು. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿ ವಾಹಕರಾಗಬಹುದು. ಸುಮಾರು ಮೂರರಲ್ಲೊಂದು ಪ್ರಸಂಗದಲ್ಲಿ ತಾಯಿಯಲ್ಲಿಯೂ ದೋಷವಿರುವುದಿಲ್ಲ; ಅದು ಮಗುವಿನಲ್ಲಿಯೇ ಹೊಸದಾಗಿ ಹುಟ್ಟಿದುದು. ತಾಯಿಯ ಮೂಲಕ ಬಂದಿತೆಂದರೆ ತಾಯಿಯ ತಪ್ಪು ಎಂದರ್ಥವಲ್ಲ. ಯಾವ ತಾಯಿಯೂ ತನ್ನ ವರ್ಣತಂತುಗಳನ್ನು ಆರಿಸಿಕೊಂಡು ಹುಟ್ಟಿದವಳಲ್ಲ. ಮನೆಯಲ್ಲಿ ಒಬ್ಬರಿಗೆ ದೋಷ ಖಚಿತವಾಗಿದ್ದರೆ, ಅಕ್ಕತಂಗಿಯರು ತಳಿ ಸಮಾಲೋಚಕರನ್ನು ಕಂಡು ಮಾತನಾಡುವುದು ಜಾಣತನ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮುಂತಾದ ಕಡೆ ಈ ಅನುಕೂಲವಿದೆ.

ಕೊನೆಯದಾಗಿ ತರುಣರಿಗೂ ಅವರ ತಂದೆಯರಿಗೂ ಎರಡು ಮಾತು. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತ ತೊಂದರೆ’ಗೆ ಮೂರೇ ದಿನದಲ್ಲಿ ಪರಿಹಾರವೆನ್ನುವ ಚೀಟಿಗಳನ್ನು ನೀವು ಕಂಡಿದ್ದೀರಿ. ಆಯಾಸ, ನಿರುತ್ಸಾಹಗಳಿಗೆಲ್ಲ ಗಂಡು ಹಾರ್ಮೋನಿನ ಕೊರತೆಯೇ ಕಾರಣವಲ್ಲ. ಕೊರತೆ ಇದೆಯೇ ಎಂದು ತಿಳಿಯಲು ಬೆಳಗಿನ ಹೊತ್ತು, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ರಕ್ತ ಪರೀಕ್ಷೆ ಮಾಡಿಸಬೇಕು; ಸಂಜೆಗೆ ಮಟ್ಟ ತಾನಾಗಿಯೇ ಇಳಿದಿರುತ್ತದೆ. ಜೊತೆಗೆ ಪಿಟ್ಯುಟರಿಯ ಆಜ್ಞೆಯನ್ನೂ ಅಳೆಯಬೇಕು. ಹಾರ್ಮೋನೂ ಆಜ್ಞೆಯೂ ಎರಡೂ ಕಡಿಮೆಯಾಗಿದ್ದರೆ ದೋಷ ಮೇಲಿನದು. ಆಜ್ಞೆ ಹೆಚ್ಚಾಗಿದ್ದು ಹಾರ್ಮೋನು ಕಡಿಮೆಯಾಗಿದ್ದರೆ ನಿಲಯದ್ದು. ಎರಡೂ ಹೆಚ್ಚಾಗಿದ್ದು ಮೈಯಲ್ಲಿ ಗುರುತು ಕಾಣದಿದ್ದರೆ ಗ್ರಾಹಕದ್ದೆಂದು ಸಂಶಯಿಸಬೇಕು. ಮೈಕಟ್ಟಿಗಾಗಿ ವ್ಯಾಯಾಮಶಾಲೆಯ ಗೆಳೆಯರ ಮಾತು ಕೇಳಿ ಟೆಸ್ಟೊಸ್ಟೆರೋನ್ ಚುಚ್ಚಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ಹೊರಗಿನಿಂದ ಹಾರ್ಮೋನು ತುಂಬಿದರೆ ಪಿಟ್ಯುಟರಿ ತನ್ನ ಎರಡೂ ಆಜ್ಞೆಗಳನ್ನು ನಿಲ್ಲಿಸಿಬಿಡುತ್ತದೆ. ವೃಷಣ ಸೊರಗುತ್ತದೆ, ವೀರ್ಯಾಣು ಇಳಿದುಹೋಗುತ್ತದೆ. ಗಂಡಸುತನವನ್ನು ಕೊಳ್ಳಲು ಹೋಗಿ ಸಂತಾನವನ್ನು ಕಳೆದುಕೊಂಡ ಹಾಗಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ೧೯೨೦ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಜೀವಮಾನವಿಡೀ ಹೇಳಿದರು. ಆ ಬುದ್ಧಿಯನ್ನು ಗೋಡೆಯ ಚೀಟಿಯ ಮೇಲೆ ಪ್ರಯೋಗಿಸುವುದು ಅವರ ಜಿಲ್ಲೆಯವರಾದ ನಮಗೆ ಒಪ್ಪುವ ಕೆಲಸ.

ಭಾಷೆಯನ್ನು ಕಲಿಸುವವನಾಗಿ ಇನ್ನೊಂದೇ ಬಿನ್ನಹ. ಹರೆಯ ತಡವಾದವರನ್ನೂ ಮಕ್ಕಳಾಗದವರನ್ನೂ ಚುಚ್ಚಲು ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ಷಂಡ, ಬಂಜೆ ಎಂಬುವು ಗ್ರಂಥಿ ಯಾವುದು, ಗ್ರಾಹಕ ಯಾವುದು ಎಂದು ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಹುಟ್ಟಿದ ಶಬ್ದಗಳು. ಅವು ಕೋಶದಲ್ಲಿಯೇ ಉಳಿಯಲಿ, ಬಾಯಿಗೆ ಬರುವುದು ಬೇಡ. ನಪುಂಸಕ ಎಂಬುದಂತೂ ವೈಯಾಕರಣರ ಸ್ವತ್ತು. ಕಲ್ಲು, ಮರ, ಪುಸ್ತಕ ಎಂಬ ನಾಮಪದಗಳಿಗೆ ಅದು ಸಲ್ಲುತ್ತದೆ. ನಮ್ಮ ಮನೆಯಲ್ಲಿ ಹುಟ್ಟಿ ನಮ್ಮೊಡನೆ ಉಂಡು ಬೆಳೆದ ಯಾವ ಮಗುವಿಗೂ ಸಲ್ಲುವುದಿಲ್ಲ.